ಮೊದಲು ರಕ್ತ ನೋಡಿ, ಆಮೇಲೆ ಗುಳಿಗೆ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಜಿ6ಪಿಡಿ ಅನ್ನುವ ರಕ್ತದ ಕಿಣ್ವದ ಪರೀಕ್ಷೆಯ ಬಗ್ಗೆ ಈ ಪತ್ರ.

ನಾನು ದಕ್ಷಿಣ ಕನ್ನಡದಲ್ಲಿ 27 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಆ ವರ್ಷಗಳಲ್ಲಿ ಜಾಸ್ತಿ ಹೊತ್ತು ಕಳೆದದ್ದು ಮಲೇರಿಯಾ ಸ್ಲೈಡ್‌ಗಳ ಜೊತೆ. ಬೆರಳು ಚುಚ್ಚಿ ರಕ್ತ ತೆಗೆಯುವುದು, ಗಾಜಿನ ಮೇಲೆ ಹರಡುವುದು, ಜೆಎಸ್‌ಬಿ ಬಣ್ಣದಲ್ಲಿ ಅದ್ದುವುದು, ಮೈಕ್ರೋಸ್ಕೋಪಿನಲ್ಲಿ ನೋಡುವುದು. ರೋಗಾಣು ಕಂಡರೆ ರಿಜಿಸ್ಟರಿನಲ್ಲಿ ‘ಪಿವಿ ಪಾಸಿಟಿವ್’, ಅಂದರೆ ವೈವಾಕ್ಸ್ ಬಗೆಯ ಮಲೇರಿಯಾ ಇದೆ, ಅಂತ ಬರೆಯುವುದು. ರೋಗಿ ಗುಳಿಗೆ ತಗೊಂಡು ಹೋಗುತ್ತಿದ್ದರು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಹಾಗಲ್ಲ ಅಂತ ತಿಳಿಸಿದವನು ನನ್ನ ಮೊಮ್ಮಗ.

ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಮಗು ಹುಟ್ಟಿ ಮೂರನೇ ದಿನ ಆಸ್ಪತ್ರೆಯಿಂದ ಕಳಿಸಿದರು. ಎಳೆ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ ಅಂತ ನಾನು ಅಟ್ಟದ ಟ್ರಂಕಿನಿಂದ ಹಳೆಯ ಹತ್ತಿ ಸೀರೆ ತೆಗೆದೆ. ಹರಿದು, ಮಡಚಿ, ಮಗುವನ್ನು ಅದರಲ್ಲೇ ಸುತ್ತಿದೆ. ಟ್ರಂಕಿನ ತುಂಬ ನುಸಿಗುಳಿಗೆ ಹಾಕಿಟ್ಟಿದ್ದೆ. ನಮ್ಮ ಕಡೆ ಡಾಂಬರು ಗುಳಿಗೆ ಅಂತಲೂ ಹೇಳುತ್ತಾರೆ. ಸೀರೆಗೆ ಅದರ ವಾಸನೆ ಬಲವಾಗಿಯೇ ಇತ್ತು. ನನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳು. ತಪ್ಪು ಅಂತ ಅನ್ನಿಸಲೇ ಇಲ್ಲ.

ನಾಲ್ಕನೇ ದಿನ ಮಗುವಿನ ಮುಖ ಹಳದಿ. ಐದನೇ ದಿನ ಹೊಟ್ಟೆಯವರೆಗೆ. ಹೆರಿಗೆಯಾದ ಆಸ್ಪತ್ರೆಗೆ ಫೋನ್ ಮಾಡಿದರೆ, ‘ಎಳೆ ಬಿಸಿಲಿಗೆ ಹಿಡಿಯಿರಿ, ಹೋಗುತ್ತೆ’ ಅಂದರು. ಹಿಡಿದೆವು. ಆರನೇ ದಿನ ಅಂಗಾಲೂ ಹಳದಿ, ಮಗು ಹಾಲು ಕುಡಿಯಲಿಲ್ಲ. ದೊಡ್ಡ ಆಸ್ಪತ್ರೆಗೆ ಓಡಿದೆವು. ಕಾಮಾಲೆಯ ಹಳದಿ ವಸ್ತು ಬಿಲಿರುಬಿನ್ ರಕ್ತದಲ್ಲಿ ಎಷ್ಟು ಏರಿತ್ತೆಂದರೆ, ಮೈಯ ರಕ್ತವನ್ನೇ ಬದಲಾಯಿಸಬೇಕಾಗಬಹುದು ಅಂದರು. ನೀಲಿ ಬೆಳಕಿನ ಕೆಳಗೆ ಎರಡು ರಾತ್ರಿ ಮಲಗಿಸಿದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. “ಅಮ್ಮಾ, ಮಗುವಿಗೆ ನುಸಿಗುಳಿಗೆ ಹಾಕಿಟ್ಟ ಬಟ್ಟೆ ಏನಾದರೂ ಹಾಕಿದ್ರಾ?”

ನನಗೆ ಬಾಯಿ ಬರಲಿಲ್ಲ.

ಪರೀಕ್ಷೆ ಮಾಡಿಸಿದರು. ಮಗುವಿಗೆ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇತ್ತು. ರಕ್ತ ಬದಲಾಯಿಸುವ ಮಟ್ಟಕ್ಕೆ ಹೋಗಲಿಲ್ಲ. ಈಗ ಅವನಿಗೆ ಮೂರು ವರ್ಷ. ಓಡುತ್ತಾನೆ, ಕಥೆ ಹೇಳು ಅಂತ ಪೀಡಿಸುತ್ತಾನೆ. ಒಂದೆರಡು ದಿನ ತಡವಾಗಿದ್ದರೆ ಆ ಹಳದಿ ಮೆದುಳಿಗೆ ಏರುತ್ತಿತ್ತು. ಏರಿದರೆ ಕಿವಿ ಹೋಗಬಹುದು, ಕೈಕಾಲು ಹಿಡಿತ ತಪ್ಪಬಹುದು, ಜೀವವೇ ಹೋಗಬಹುದು. ಹೀಗೆ ಹಾನಿಯಾದ ಮೆದುಳನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ.

ಈ ಕಿಣ್ವದ ಬಗ್ಗೆ ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದೂ ಇದ್ದೆ. ಮೊಮ್ಮಗ ಮನೆಗೆ ಬಂದ ಮೇಲೆ ನಿಧಾನವಾಗಿ ಕೂತು ಮತ್ತೆ ಓದಿದೆ. ಅರ್ಥವಾದದ್ದನ್ನು ಎಲ್ಲರಿಗೂ ತಿಳಿಯುವ ಹಾಗೆ ಇಲ್ಲಿ ಬರೆಯುತ್ತೇನೆ.

ಸ್ಟ್ರೆಸ್ ಅಂದರೆ ನಮಗೆ ನೆನಪಾಗುವುದು ತಲೆಬಿಸಿ. ಜೀವಕೋಶಕ್ಕೂ ಅದರದ್ದೇ ಆದ ಸ್ಟ್ರೆಸ್ ಇದೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತೆ ಅಲ್ವಾ? ಗಾಳಿಯ ಆಮ್ಲಜನಕ ಅದರ ಮೇಲೆ ಮಾಡುವ ಕೆಲಸ ಅದು. ಆಮ್ಲಜನಕ ನಮಗೆ ಉಸಿರು, ಆದರೆ ಕೋಶದ ಒಳಗೆ ಅದು ಸುಮ್ನೆ ಕೂರುವುದಿಲ್ಲ. ಸಿಕ್ಕಿದ್ದನ್ನೆಲ್ಲ ಕೆಡಿಸುತ್ತಾ ಹೋಗುತ್ತದೆ. ಮೈಯಲ್ಲಿ ಆಮ್ಲಜನಕದ ಮೂಟೆ ಹೊರುವುದು ಕೆಂಪು ರಕ್ತಕಣ. ಹಾಗಾಗಿ ಈ ಕಾಟ ಅದಕ್ಕೇ ಜಾಸ್ತಿ.

ಅದನ್ನು ತಡೆಯಲು ರಕ್ತಕಣದಲ್ಲಿ ಗ್ಲುಟಾಥಿಯೋನ್ ಇದೆ. ಅದನ್ನು ಒರೆಸುವ ಬಟ್ಟೆ ಅಂದುಕೊಳ್ಳಿ. ಕೊಳೆಯನ್ನೆಲ್ಲ ಅದು ಒರೆಸುತ್ತದೆ. ಒರೆಸಿದ ಬಟ್ಟೆಯನ್ನು ತೊಳೆದು ಹಿಂಡಿದರೆ ಮತ್ತೆ ಬಳಸಬಹುದು. ತೊಳೆಯಲು ನೀರು ಬೇಕು. ಆ ನೀರಿನ ಹೆಸರು ಎನ್‌ಎಡಿಪಿಎಚ್. ಅದನ್ನು ಸೇದಿ ಕೊಡುವುದು ನಮ್ಮ ಜಿ6ಪಿಡಿ. ಬೇರೆ ಕೋಶಗಳಿಗೆ ಈ ನೀರು ಸಿಗಲು ಇನ್ನೂ ಒಂದೆರಡು ದಾರಿ ಇವೆ. ಕೆಂಪು ರಕ್ತಕಣಕ್ಕೆ ಇರುವುದು ಇದೊಂದೇ ಬಾವಿ.

ಇನ್ನೊಂದು ಕಷ್ಟವೂ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ. ಹೊಸ ಕಿಣ್ವ ಮಾಡಿಕೊಳ್ಳಲು ಬರುವುದಿಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ 120 ದಿನ ಕಳೆಯಬೇಕು. ಕೊರತೆ ಇರುವವರಲ್ಲಿ ಆ ಬುತ್ತಿ ಬೇಗ ಮುಗಿಯುತ್ತದೆ. ಆದರೂ ಸಾಮಾನ್ಯ ದಿನಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಹೆಚ್ಚಿನವರು ಇಡೀ ಆಯುಷ್ಯ ಆರಾಮಾಗಿ ಇರುತ್ತಾರೆ. ಒಂದು ಜೋರು ಸೋಂಕು, ಒಂದು ಗುಳಿಗೆ ಅಥವಾ ನುಸಿಗುಳಿಗೆಯ ನ್ಯಾಫ್ತಲೀನ್ ಒಳಗೆ ಹೋದಾಗ ಮಾತ್ರ ಕೊಳೆ ಒಮ್ಮೆಲೇ ಹೆಚ್ಚುತ್ತದೆ. ತೊಳೆಯಲು ನೀರಿಲ್ಲ. ಹಿಮೋಗ್ಲೋಬಿನ್ ಕೆಟ್ಟು ಮುದ್ದೆಯಾಗುತ್ತದೆ, ಕಣಗಳು ಒಡೆಯುತ್ತವೆ. ಒಡೆದ ಕಣಗಳ ಬಣ್ಣ ಮೂತ್ರದಲ್ಲಿ ಇಳಿದರೆ ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಆಗುತ್ತದೆ. ಮೈಯಲ್ಲಿ ಉಳಿದದ್ದು ಕಾಮಾಲೆಯಾಗುತ್ತದೆ.

ಪ್ರಪಂಚದಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಈ ಕೊರತೆ ಇದೆ ಅಂತ ಅಂದಾಜು. ಮನುಷ್ಯರಲ್ಲಿ ಇಷ್ಟು ವ್ಯಾಪಕವಾದ ಕಿಣ್ವದ ಕೊರತೆ ಇನ್ನೊಂದಿಲ್ಲ. ಎಲ್ಲೆಲ್ಲಿ ಮಲೇರಿಯಾ ತಲೆಮಾರುಗಳಿಂದ ಇತ್ತೋ ಅಲ್ಲೆಲ್ಲ ಇದು ಜಾಸ್ತಿ, ಯಾಕೆಂದರೆ ಮಲೇರಿಯಾದಿಂದ ಇದು ಸ್ವಲ್ಪ ಮಟ್ಟಿಗೆ ಕಾಪಾಡಿದೆ. ಭಾರತದಲ್ಲಿ ಕಾಣುವ ಮುಖ್ಯ ಬಗೆಗಳು ಮೂರು: ಮೆಡಿಟರೇನಿಯನ್, ಒರಿಸ್ಸಾ, ಕೇರಳ-ಕಲ್ಯಾಣ್. ಕೆಲವು ಸಮುದಾಯಗಳಲ್ಲಿ ಇದು ಅಪರೂಪ, ಕೆಲವು ಕಡೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು.

ಸಚಿವರೇ, ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಸುಮಾರು 15 ವರ್ಷದ ಹಿಂದಿನ ಒಬ್ಬ ಹುಡುಗ. ಗದಗದ ಕಡೆಯವನು, ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಸ್ಲೈಡ್ ನಾನೇ ನೋಡಿದ್ದೆ, ಪಿವಿ ಪಾಸಿಟಿವ್. ಮೂರು ದಿನದ ಕ್ಲೋರೋಕ್ವಿನ್, 14 ದಿನದ ಪ್ರಿಮಾಕ್ವಿನ್ ಅನ್ನುವ ಮಲೇರಿಯಾ ಗುಳಿಗೆಗಳನ್ನು ಕೊಟ್ಟು ಕಳಿಸಿದರು. ನಾಲ್ಕನೇ ದಿನ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತ. ತಲೆ ತಗ್ಗಿಸಿ, “ಅಕ್ಕಾರ, ಒಂದಕ್ಕ ಹೋದ್ರ ಕರ್ರಗ ಬರಾಕತ್ತೇತ್ರಿ” ಅಂದ. ಕಣ್ಣು ಹಳದಿ, ತುಟಿ ಬಿಳುಚಿತ್ತು. ಮೊದಲ ದಿನ 13 ಇದ್ದ ಹಿಮೋಗ್ಲೋಬಿನ್ ಅವತ್ತು 6.

ಅವನ ರಕ್ತದ ಸ್ಲೈಡನ್ನು ಮತ್ತೆ ನೋಡಿದೆ. ಕೆಂಪು ಕಣಗಳು ಯಾರೋ ಅಂಚನ್ನು ಕಚ್ಚಿ ತೆಗೆದ ರೊಟ್ಟಿಯ ಹಾಗೆ ಕಂಡವು. ಬೈಟ್ ಸೆಲ್ ಅಂತಾರೆ. ಕಂಡದ್ದನ್ನು ಹೇಳಿದೆ. ‘ಮಲೇರಿಯಾ ಜಾಸ್ತಿಯಾಗಿದೆ’ ಅಂತ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ರಕ್ತ ಕೊಟ್ಟರಂತೆ, ಬದುಕಿದನಂತೆ. ಆಮೇಲೆ ಅವನು ಕಾಣಲಿಲ್ಲ. ನನ್ನನ್ನು ಈಗಲೂ ಕಾಡುವುದು ಆ ಚೀಟಿ. ಜಿ6ಪಿಡಿ ಅಂತ ಅದರಲ್ಲಿ ಯಾರೂ ಬರೆಯಲಿಲ್ಲ. ಮುಂದೆ ಬೇರೆ ಊರಿನಲ್ಲಿ ಜ್ವರ ಬಂದು, ಅದೇ ಪ್ರಿಮಾಕ್ವಿನ್ ಗುಳಿಗೆಯನ್ನು ಮತ್ತೆ ಕೊಟ್ಟಿದ್ದರೆ?

ಕೊರತೆ ಇದ್ದವರ ರಕ್ತವನ್ನು ಪ್ರಿಮಾಕ್ವಿನ್ ಒಡೆಯುತ್ತದೆ ಅನ್ನುವುದು ಹೊಸ ವಿಜ್ಞಾನವೂ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ 1940ರ ದಶಕದಿಂದ ಕೈದಿಗಳ ಮೇಲೆ ಮಲೇರಿಯಾ ಔಷಧಿಗಳ ಪ್ರಯೋಗ ನಡೆಯುತ್ತಿತ್ತು. ಪ್ರಿಮಾಕ್ವಿನ್ ತಗೊಂಡ ಕೆಲವು ಕೈದಿಗಳಿಗೆ, ಅದರಲ್ಲೂ ಕಪ್ಪು ಜನಾಂಗದವರಿಗೆ, ಮೂತ್ರ ಕಪ್ಪಾಗಿ ರಕ್ತ ಇಳಿಯಿತು. ಯಾಕೆ ಅಂತ ಹುಡುಕುತ್ತಾ ಹೋಗಿ 1956ರಲ್ಲಿ ಪಾಲ್ ಕಾರ್ಸನ್ ಮತ್ತು ಜೊತೆಗಾರರು ಕಾರಣ ಜಿ6ಪಿಡಿ ಕೊರತೆ ಅಂತ ತೋರಿಸಿದರು. ಜೈಲಿನಲ್ಲಿರುವ ಮನುಷ್ಯ ‘ಒಪ್ಪಿದ್ದೇನೆ’ ಅಂದರೆ ಆ ಒಪ್ಪಿಗೆಗೆ ಎಷ್ಟು ಬೆಲೆ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅವರ ಮೈಯಿಂದ ಕಲಿತ ಪಾಠ ಇದು. ಸುಮಾರು 70 ವರ್ಷವಾಗಿದೆ.

ಆ ಪ್ರಯೋಗಗಳಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಔಷಧಿ ಮುಂದುವರಿಸಿದರೂ ಸ್ವಲ್ಪ ದಿನದಲ್ಲಿ ರಕ್ತ ಒಡೆಯುವುದು ನಿಲ್ಲುತ್ತಿತ್ತು. ಹಳೆಯ ಕಣಗಳೆಲ್ಲ ಒಡೆದು, ಬುತ್ತಿ ತುಂಬಿದ ಹೊಸ ಕಣಗಳು ಉಳಿದಿದ್ದವು. ಆದರೆ ಅದು ಆಫ್ರಿಕಾ ಮೂಲದವರಲ್ಲಿ ಕಾಣುವ ಸೌಮ್ಯ ಬಗೆಯ ಕಥೆ. ನಮ್ಮಲ್ಲಿರುವ ಮೆಡಿಟರೇನಿಯನ್ ಬಗೆ ಅಷ್ಟು ಕರುಣೆ ತೋರಿಸುವುದಿಲ್ಲ. ಅದರಲ್ಲಿ ಹೊಸ ಕಣಗಳ ಬುತ್ತಿಯೂ ಖಾಲಿ.

ಹಾಗಂತ ಪ್ರಿಮಾಕ್ವಿನ್ ಕೆಟ್ಟ ಔಷಧಿ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಓದುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಡಾಕ್ಟರು ಕೊಟ್ಟ ಪ್ರಿಮಾಕ್ವಿನ್ ಅನ್ನು ಭಯದಿಂದ ಎಸೆಯಬೇಡಿ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ. ಕ್ಲೋರೋಕ್ವಿನ್‌ಗೆ ಅದು ಸಿಗುವುದಿಲ್ಲ. ವಾರವೋ ತಿಂಗಳೋ ಬಿಟ್ಟು ಎದ್ದು ಮತ್ತೆ ಜ್ವರ ತರುತ್ತದೆ. ಜ್ವರ ಬಂದವನನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಗೂ ಮುಟ್ಟಿಸುತ್ತದೆ. ಮಲಗಿದ ರೋಗಾಣುವನ್ನು ಕೊಲ್ಲಲು ನಮ್ಮ ಕೈಲಿರುವುದು ಪ್ರಿಮಾಕ್ವಿನ್ ಮತ್ತು ಅದೇ ಕುಟುಂಬದ ಟಫೆನೋಕ್ವಿನ್. ಟಫೆನೋಕ್ವಿನ್ ಒಂದೇ ಸಲ ನುಂಗುವಂಥದ್ದು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ವಾರಗಟ್ಟಲೆ ಮೈಯಲ್ಲೇ ಉಳಿಯುತ್ತದೆ. ತೊಂದರೆ ಶುರುವಾದರೆ ನಿಲ್ಲಿಸಲು ಬರುವುದಿಲ್ಲ. ಅದಕ್ಕೇ ಜಿ6ಪಿಡಿ ಅಳೆಯದೆ ಅದನ್ನು ಕೊಡುವ ಹಾಗೇ ಇಲ್ಲ.

ಭಾರತ 2030ರೊಳಗೆ ಮಲೇರಿಯಾ ಮುಕ್ತವಾಗಬೇಕು ಅಂತ ಗುರಿ ಇಟ್ಟುಕೊಂಡಿದೆ. ಮಂಗಳೂರಿನಲ್ಲಿ ಕಟ್ಟಡದ ನೀರು, ಟೆರೇಸಿನ ಟ್ಯಾಂಕಿ, ಅದರಲ್ಲಿ ಮೊಟ್ಟೆಯಿಡುವ ಸೊಳ್ಳೆ ಇವುಗಳ ಜೊತೆ ನಮ್ಮ ಸಿಬ್ಬಂದಿ ವರ್ಷಗಟ್ಟಲೆ ಹೋರಾಡಿದ್ದಾರೆ. 2015ರಲ್ಲಿ ಟ್ಯಾಬ್‌ನಲ್ಲಿ ಕೇಸು ದಾಖಲಿಸುವ ಪದ್ಧತಿ ಬಂತು. ಕೇಸು ಬಹಳ ಇಳಿದಿವೆ. ನಾನು ಆ ಪಡೆಯಲ್ಲಿದ್ದೆ ಅನ್ನುವ ಹೆಮ್ಮೆ ನನಗಿದೆ. ಉಳಿದಿರುವ ವೈವಾಕ್ಸ್ ಹೋಗಬೇಕಾದರೆ ಪ್ರತಿ ರೋಗಿಯೂ 14 ದಿನದ ಗುಳಿಗೆ ಮುಗಿಸಬೇಕು. ಮುಗಿಸಿ ಅಂತ ಧೈರ್ಯವಾಗಿ ಹೇಳಬೇಕಾದರೆ ಆ ಗುಳಿಗೆ ಅವರಿಗೆ ಆಗಿಬರುತ್ತದೆ ಅಂತ ನಮಗೆ ಮೊದಲೇ ಗೊತ್ತಿರಬೇಕು.

ಸಮಸ್ಯೆ ಇರುವುದು ಇಲ್ಲಿ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಜಿ6ಪಿಡಿ ಕೊರತೆ ಇರುವವರಿಗೆ ಪ್ರಿಮಾಕ್ವಿನ್ ಕೊಡಬಾರದು ಅಂತ ಬರೆದಿದೆ. ಆ ಮಾತು ಸರಿ. ಆದರೆ ಗದಗದ ಹುಡುಗನಿಗೆ ಕೊರತೆ ಇದೆ ಅಂತ ಗೊತ್ತಾಗುವುದು ಹೇಗೆ? ಅವನಿಗೇ ಗೊತ್ತಿರಲಿಲ್ಲ. ನಮಗೆ ಗೊತ್ತಾದದ್ದು ಮೂತ್ರ ಕಪ್ಪಾದ ಮೇಲೆ.

ಪರೀಕ್ಷೆ ಕಷ್ಟದ್ದಲ್ಲ. ಹಳೆಯ ವಿಧಾನ ಫ್ಲೋರೆಸೆಂಟ್ ಸ್ಪಾಟ್ ಟೆಸ್ಟ್. ಕಾಗದದ ಮೇಲೆ ರಕ್ತದ ಮಿಶ್ರಣದ ಚುಕ್ಕೆ ಇಟ್ಟು ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿಯುತ್ತೇವೆ. ಕಿಣ್ವ ಇದ್ದರೆ ಹೊಳೆಯುತ್ತದೆ, ಇಲ್ಲದಿದ್ದರೆ ಕತ್ತಲು. ಈಗ ಅಂಗೈಯಲ್ಲಿ ಹಿಡಿಯುವ ಯಂತ್ರಗಳು ಬಂದಿವೆ. ಸಕ್ಕರೆ ನೋಡುವ ಗ್ಲೂಕೋಮೀಟರಿನ ಹಾಗೆ ಬೆರಳ ತುದಿಯ ರಕ್ತ ಸಾಕು, ಕೆಲವೇ ನಿಮಿಷದಲ್ಲಿ ಅಂಕಿ ಬರುತ್ತದೆ. ಅಂಥ ಒಂದು ಯಂತ್ರಕ್ಕೆ 2024ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ಸಿಕ್ಕಿದೆ.

ಲ್ಯಾಬಿನವಳಾಗಿ ಎರಡು ಎಚ್ಚರಿಕೆ ಹೇಳಲೇಬೇಕು. ಯಾಕೆಂದರೆ ಯಂತ್ರ ಕೊಂಡು, ತರಬೇತಿ ಕೊಡದೆ ಬಿಟ್ಟರೆ ಇವೇ ತಪ್ಪು ಆಗುತ್ತವೆ. ಒಂದು, ರಕ್ತ ಒಡೆದ ಕೂಡಲೇ ಪರೀಕ್ಷೆ ಮಾಡಿದರೆ ಕೆಲವು ಸಲ ‘ನಾರ್ಮಲ್’ ಅಂತ ಬರುತ್ತದೆ. ಕಿಣ್ವ ಇಲ್ಲದ ಹಳೆಯ ಕಣಗಳು ಆಗಲೇ ಹೋಗಿರುತ್ತವೆ, ನೋಡಲು ಉಳಿದದ್ದು ಹೊಸವು. ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಎರಡು, ಹೆಂಗಸರ ವಿಷಯ. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸಿಗೆ ಒಂದೇ ಎಕ್ಸ್, ಹಾಗಾಗಿ ಇದೆ ಅಥವಾ ಇಲ್ಲ. ಹೆಂಗಸಿಗೆ ಎರಡು. ಒಂದು ಎಕ್ಸ್‌ನಲ್ಲಿ ಮಾತ್ರ ಕೊರತೆ ಇದ್ದರೆ, ಒಂದೊಂದು ಕಣದಲ್ಲಿ ಒಂದೊಂದು ಎಕ್ಸ್ ಕೆಲಸ ಮಾಡಿರುತ್ತದೆ, ಸುಮಾರು ಅರ್ಧ ಕಣಗಳು ಗಟ್ಟಿ, ಉಳಿದವು ದುರ್ಬಲ. ಇದನ್ನು 1962ರಲ್ಲೇ ಅರ್ನೆಸ್ಟ್ ಬ್ಯೂಟ್ಲರ್ ತೋರಿಸಿದ್ದಾರೆ. ಹೊಳೆಯುವ ಚುಕ್ಕೆಯ ಪರೀಕ್ಷೆಯಲ್ಲಿ ಇಂಥವರು ಪಾಸಾಗಿಬಿಡುತ್ತಾರೆ. ಅಂಕಿ ಕೊಡುವ ಪರೀಕ್ಷೆಯೇ ಬೇಕು. ನನ್ನದನ್ನೂ ಮಾಡಿಸಿದೆ. ಮಧ್ಯದಲ್ಲಿ ಬಂತು.

ಅವತ್ತು ನನ್ನ ತಮ್ಮನ ನೆನಪಾಯಿತು. ಚಿಕ್ಕಂದಿನಲ್ಲಿ ಅವನಿಗೆ ಜ್ವರದ ಗುಳಿಗೆ ತಗೊಂಡ ಮೇಲೆ ಕಾಮಾಲೆ ಆಗಿತ್ತು. ನಾಟಿ ಮದ್ದು ಕೊಡಿಸಿದ್ದರು. ಇದೇ ಇರಬಹುದಾ? ಅವನಿಗೆ ಈಗ ಪರೀಕ್ಷೆ ಮಾಡಿಸಿ ಅಂತ ಹೇಳಿದ್ದೇನೆ. ಇನ್ನೊಂದು ಮಾತು, ಇದನ್ನು ಬರೆಯದೆ ಇರಲಾರೆ. ತಾಯಿಯಿಂದ ಮಗನಿಗೆ ಬರುತ್ತದೆ ಅಂತ ಗೊತ್ತಾದ ಕೂಡಲೇ ಕೆಲವು ಮನೆಗಳಲ್ಲಿ ಸೊಸೆಯ ಕಡೆ ಬೆರಳು ತೋರಿಸುತ್ತಾರೆ. ಯಾರೂ ಬೇಕೆಂದು ಕೊಟ್ಟದ್ದಲ್ಲ ಇದು. ಮಲೇರಿಯಾದ ಕಾಲದಲ್ಲಿ ನಮ್ಮ ಹಿರಿಯರು ಬದುಕಿ ಉಳಿದ ದಾರಿ. ಮಗುವಿಗೆ ಕೊರತೆ ಇದೆ ಅಂತ ಹೇಳುವ ಸಿಸ್ಟರ್ ಇದನ್ನೂ ಸೇರಿಸಿ ಹೇಳಬೇಕು.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಸಿಂಗಪುರ 1965ರಿಂದ ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಜಿ6ಪಿಡಿ ನೋಡುತ್ತಿದೆ. ಕಾಮಾಲೆಯಿಂದ ಮೆದುಳು ಕೆಡುವುದು ಅಲ್ಲಿ ಹೆಚ್ಚುಕಮ್ಮಿ ನಿಂತೇಹೋಯಿತು. ಫಿಲಿಪೀನ್ಸ್ 2004ರಲ್ಲಿ ನವಜಾತ ಶಿಶುಗಳ ತಪಾಸಣೆಗೆ ಕಾನೂನನ್ನೇ ಮಾಡಿತು. ಅಲ್ಲಿ ನೋಡುವ ಕಾಯಿಲೆಗಳಲ್ಲಿ ಇದೂ ಒಂದು. ಪಕ್ಕದ ಕೇರಳವೂ ಸರ್ಕಾರಿ ಆಸ್ಪತ್ರೆಯ ಮಕ್ಕಳ ತಪಾಸಣೆಯಲ್ಲಿ ಇದನ್ನು ಸೇರಿಸಿದೆ. ನಮ್ಮ ಮನೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಎರಡು ಗಂಟೆಯೂ ಬೇಡ.

ಹಾಗಾಗಿ ನನ್ನ ಕೋರಿಕೆ ಇದು. ಹೆರಿಗೆಯಾಗುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ತೆಗೆಯುವ ನಾಲ್ಕು ಹನಿ ರಕ್ತದಲ್ಲಿ ಜಿ6ಪಿಡಿಯನ್ನೂ ನೋಡಿ. ಫಲಿತಾಂಶವನ್ನು ತಾಯಿ ಕಾರ್ಡಿನಲ್ಲೇ ಬರೆಯಿರಿ, ಬೇರೆ ಚೀಟಿ ಕಳೆದುಹೋಗುತ್ತದೆ. ಮಲೇರಿಯಾ ಇನ್ನೂ ಇರುವ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಿಗೆ ಅಂಗೈ ಯಂತ್ರ ಕೊಡಿ. ಕ್ಲೋರೋಕ್ವಿನ್ ಅವತ್ತೇ ಶುರುಮಾಡಲಿ, ಅದಕ್ಕೆ ಕಾಯಬೇಕಿಲ್ಲ. ಒಂದೆರಡು ದಿನದಲ್ಲಿ ಪರೀಕ್ಷೆ ಮಾಡಿ ಪ್ರಿಮಾಕ್ವಿನ್ ಕೊಡಬಹುದು. ಕೊರತೆ ಇದ್ದವರನ್ನು ಬಿಟ್ಟುಬಿಡಬೇಕು ಅಂತಲೂ ಅಲ್ಲ. ವಾರಕ್ಕೊಂದು ಸಲದ ಹಾಗೆ ಎಂಟು ವಾರ, ಡಾಕ್ಟರ ಕಣ್ಣೆದುರೇ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಟ್ಯಾಬಿನಲ್ಲಿ ಕೇಸು ದಾಖಲಿಸುವಾಗ ‘ಜಿ6ಪಿಡಿ ನೋಡಿದೆಯಾ?’ ಅಂತ ಒಂದು ಸಾಲು ಸೇರಿಸಿದರೆ ಯಾರೂ ಮರೆಯುವುದಿಲ್ಲ.

ಯಂತ್ರ ಬರಲು ತಡವಾದೀತು. ಅಲ್ಲಿಯವರೆಗೆ ಖರ್ಚಿಲ್ಲದ ಕೆಲಸ ಒಂದಿದೆ. ಪ್ರಿಮಾಕ್ವಿನ್ ಕೊಡುವ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿ: ‘ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಯಾದರೆ ಗುಳಿಗೆ ನಿಲ್ಲಿಸಿ, ಕೂಡಲೇ ಬನ್ನಿ.’ ಕನ್ನಡದಲ್ಲಿ, ಹಿಂದಿಯಲ್ಲಿ, ಬಂಗಾಳಿಯಲ್ಲಿ, ಒಡಿಯಾದಲ್ಲಿ. ಕಟ್ಟಡ ಕೆಲಸಕ್ಕೆ ಎಲ್ಲಿಂದೆಲ್ಲ ಬರುತ್ತಾರೆ ಅಂತ ನಿಮಗೂ ಗೊತ್ತು. ಓದು ಬಾರದವರಿಗಾಗಿ ಕಪ್ಪು ಬಣ್ಣದ ಲೋಟದ ಚಿತ್ರ ಹಾಕಿ.

ಮಲೇರಿಯಾ ಅಲ್ಲದೆ ಬೇರೆ ಕಡೆಯೂ ಇದು ಬರುತ್ತದೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಇಂಥವರ ರಕ್ತ ಒಡೆಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೂರು ತಿಂಗಳ ಸರಾಸರಿ ನೋಡುವ ಎಚ್‌ಬಿಎ1ಸಿ ಇವರಲ್ಲಿ ನಿಜಕ್ಕಿಂತ ಕಮ್ಮಿ ತೋರಿಸಬಹುದು, ಯಾಕೆಂದರೆ ಕಣಗಳು ಬೇಗ ಸತ್ತು ಸಕ್ಕರೆ ಹತ್ತಲು ಸಮಯವೇ ಸಿಗುವುದಿಲ್ಲ. ಕಂಟ್ರೋಲಿನಲ್ಲಿದೆ ಅಂದುಕೊಂಡು ಕೂರುತ್ತೇವೆ.

ಮನೆಮಂದಿಗೂ ಒಂದು ಮಾತು. ಬಾಣಂತಿ ಮನೆಗೆ ಬರುವ ಮೊದಲು ನುಸಿಗುಳಿಗೆಯನ್ನು ಹೊರಗೆ ಹಾಕಿ. ಅದರಲ್ಲಿಟ್ಟ ಬಟ್ಟೆ, ಕಂಬಳಿ, ಸ್ವೆಟರ್ ಮಗುವಿಗೆ ಬೇಡ. ಕೂಸಿನ ಅಂಗೈಗೆ ಮೆಹಂದಿಯೂ ಬೇಡ, ಅದೂ ಇಂಥ ಮಕ್ಕಳ ರಕ್ತ ಒಡೆದದ್ದಿದೆ. ‘ಅವರೆಕಾಳು ತಿನ್ನಬಾರದಂತೆ’ ಅಂತ ನನ್ನ ಮಗಳಿಗೆ ಯಾರೋ ಹೇಳಿ ಹೆದರಿಸಿದ್ದರು. ಇಂಗ್ಲಿಷಿನ ಫಾವಾ ಬೀನ್ಸ್ ಅನ್ನು ಅವರೆ ಅಂತ ತಿಳಿದ ತಪ್ಪು ಅದು. ಫಾವಾ ಬೇರೆ ಗಿಡ, ಉತ್ತರ ಭಾರತದಲ್ಲಿ ಬಾಕ್ಲಾ ಅಂತಾರೆ. ಅದನ್ನು ಮಾತ್ರ ಇವರು ತಿನ್ನಬಾರದು.

ಸಚಿವರೇ, ನಾನು ನಿವೃತ್ತಳು, ಸಮಯ ಇದೆ. ಸ್ಲೈಡ್ ನೋಡುವ ಕಣ್ಣು ಇನ್ನೂ ಚೆನ್ನಾಗಿದೆ. ಯಂತ್ರಗಳು ಬಂದರೆ ನಮ್ಮ ಜಿಲ್ಲೆಯ ಟೆಕ್ನಿಷಿಯನ್ ಮಕ್ಕಳಿಗೆ ಪರೀಕ್ಷೆ ಕಲಿಸಲು ನಾನು ಬರುತ್ತೇನೆ. ಸಂಬಳ ಬೇಡ. ಮಳೆಗಾಲ ಶುರುವಾಗುವ ಮೊದಲು ಒಂದು ತಾಲ್ಲೂಕಿನಲ್ಲಾದರೂ ಆರಂಭಿಸಿ. ಎಲ್ಲಿ, ಯಾವತ್ತು ಬರಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ದಕ್ಷಿಣ ಕನ್ನಡ